ಸೋಲಿನ ವರ್ಷಗಳಲ್ಲಿ ಬೆಳೆದ ನಿಷ್ಠೆ: ಮೈಸೂರು ರಣಜಿ ತಂಡದಿಂದ ಆರ್‌ಸಿಬಿಯವರೆಗೆ

ಗೆಲ್ಲುವ ತಂಡಕ್ಕೆ ಜನ ತಾವಾಗಿಯೇ ಒಲಿಯುತ್ತಾರೆ, ಸೋಲುವ ತಂಡದಿಂದ ಮೆಲ್ಲಗೆ ದೂರ ಸರಿಯುತ್ತಾರೆ ಎಂಬುದು ಕ್ರೀಡೆಯ ಬಗ್ಗೆ ಬಹುಕಾಲದಿಂದ ಬೇರೂರಿರುವ ನಂಬಿಕೆ. ಕರ್ನಾಟಕದ ಕ್ರಿಕೆಟ್ ಚರಿತ್ರೆಯ ಕಳೆದ ಎರಡು ದಶಕಗಳು ಈ ನಂಬಿಕೆಯನ್ನು ಮತ್ತೊಮ್ಮೆ ಪರಿಶೀಲಿಸುವಂತೆ ಮಾಡುತ್ತವೆ. 2008ರಲ್ಲಿ ಹುಟ್ಟಿದ ಬೆಂಗಳೂರಿನ ರಾಯಲ್ ಚಾಲೆಂಜರ್ಸ್, ಅಂದರೆ ಜನರ ಬಾಯಲ್ಲಿ ಆರ್‌ಸಿಬಿ ಎಂದೇ ಹೆಸರಾದ ತಂಡ, 2024ರವರೆಗಿನ 17 ಆವೃತ್ತಿಗಳಲ್ಲಿ ಒಮ್ಮೆಯೂ ಇಂಡಿಯನ್ ಪ್ರೀಮಿಯರ್ ಲೀಗಿನ (ಐಪಿಎಲ್) ಪ್ರಶಸ್ತಿಯನ್ನು ಗೆಲ್ಲಲಿಲ್ಲ. ಆದರೆ ಅದೇ ಅವಧಿಯಲ್ಲಿ ಅದರ ಅಭಿಮಾನಿ ಬಳಗ ರಾಜಧಾನಿಯ ಎಲ್ಲೆಯನ್ನು ದಾಟಿ, ಕ್ರೀಡಾಂಗಣವನ್ನು ಕಣ್ಣಾರೆ ಕಾಣದ ಊರುಗಳಿಗೂ ಹಬ್ಬಿ, ದೇಶದ ಅತಿ ದೊಡ್ಡ ಬಳಗಗಳಲ್ಲಿ ಒಂದಾಗಿ ಬೆಳೆಯಿತು. ಈ ಬೆಳವಣಿಗೆ ಸೋಲಿನ ನಡುವೆಯೂ ನಡೆಯಿತೆಂದು ಹೇಳಿ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಖಾಸಗಿ ಒಡೆತನದ, ಹೆಚ್ಚಿನ ಆಟಗಾರರನ್ನು ಹರಾಜಿನಲ್ಲಿ ಕೊಂಡು ಕಟ್ಟಿದ ತಂಡವೊಂದು ಜನರ ಸ್ವಂತ ತಂಡವಾಗಿ ಮಾರ್ಪಟ್ಟದ್ದೇ ಆ ಸೋಲಿನ ವರ್ಷಗಳ ಮೂಲಕ ಎಂಬುದನ್ನು ತೋರಿಸುವುದು ಈ ಪ್ರಬಂಧದ ಉದ್ದೇಶ.

ಇದನ್ನು ರಾಜಧಾನಿಯಿಂದ ಮಾತ್ರ ನೋಡಿದರೆ ಸಾಲದು. ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು; ಇವುಗಳ ನಡುವೆ ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿ ಆಂಧ್ರಪ್ರದೇಶದ ಗಡಿಗೆ ಹತ್ತಿರವಾಗಿ, ಹಿಂದೂಪುರದ ಸಂತೆಗೂ ಬೆಂಗಳೂರಿನ ಕೆಲಸಕ್ಕೂ ಸಮನಾಗಿ ಕಣ್ಣಿಟ್ಟು ಬದುಕುವ ಸೀಮೆಯಲ್ಲಿದೆ. ಮಳೆಯನ್ನೇ ನಂಬಿದ ಕಡಲೇಕಾಯಿ ಮತ್ತು ರಾಗಿ ಬೇಸಾಯ, ಬರದ ವರ್ಷಗಳಲ್ಲಿ ದುಡಿಮೆಗಾಗಿ ಬೆಂಗಳೂರಿಗೆ ಹೋಗುವ ಯುವಜನ, ಕನ್ನಡ ಮತ್ತು ತೆಲುಗು ಎರಡನ್ನೂ ಸಲೀಸಾಗಿ ಆಡುವ ಗಡಿಯೂರುಗಳು ಈ ಪ್ರದೇಶದ ಲಕ್ಷಣಗಳು. ದೊಡ್ಡ ಕ್ರೀಡಾಂಗಣವಿಲ್ಲದ, ಟಿಕೆಟ್ಟಿನ ಸಾಲಿನಿಂದ ದೂರವಿರುವ ಇಂಥ ಸೀಮೆಗಳಲ್ಲಿ ಬೆಂಗಳೂರಿನ ತಂಡದ ಬಗೆಗಿನ ನಿಷ್ಠೆ ಹೇಗೆ ನೆಲೆಯೂರಿತೆಂಬುದನ್ನು ಅರಿಯಲು ಅದಕ್ಕೂ ಹಿಂದಿನ ಚರಿತ್ರೆಯಿಂದ ಆರಂಭಿಸಬೇಕಾಗುತ್ತದೆ.

ಮೊದಲ ಸೋಲು, ಮೊದಲ ಪ್ರಶಸ್ತಿ

ಕನ್ನಡ ನಾಡಿನ ಕ್ರಿಕೆಟ್ ತಂಡದ ರಾಷ್ಟ್ರೀಯ ಚರಿತ್ರೆ ಸೋಲಿನಿಂದಲೇ ಆರಂಭವಾಗುತ್ತದೆ. ದೇಶದ ಪ್ರಾಂತ್ಯಗಳೂ ಸಂಸ್ಥಾನಗಳೂ ಪರಸ್ಪರ ಸೆಣಸಲೆಂದು ಏರ್ಪಟ್ಟ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಮದರಾಸು ಮತ್ತು ಮೈಸೂರು ತಂಡಗಳ ನಡುವೆ ನಡೆಯಿತು. ಮದರಾಸಿನ ಎ.ಜಿ. ರಾಮ್ ಸಿಂಗ್ 11 ವಿಕೆಟ್ ಕಿತ್ತರು; ಮೈಸೂರು ತಂಡ ಎರಡು ಸರದಿಗಳಲ್ಲಿ 48 ಮತ್ತು 59 ರನ್ನುಗಳಿಗೆ ಕುಸಿದು, ಇನಿಂಗ್ಸ್ ಸೋಲನ್ನು ಒಂದೇ ದಿನದಲ್ಲಿ ಕಂಡಿತು. ಇನಿಂಗ್ಸ್ ಸೋಲೆಂದರೆ ಎದುರಾಳಿ ಒಂದೇ ಸರದಿಯಲ್ಲಿ ಗಳಿಸಿದ ಮೊತ್ತವನ್ನು ಸೋತ ತಂಡ ತನ್ನ ಎರಡೂ ಸರದಿಗಳನ್ನು ಕೂಡಿಸಿದರೂ ಮುಟ್ಟಲಾಗದ ಸ್ಥಿತಿ. ಅಲ್ಲಿಂದ ಮುಂದೆ 1941–42ರಲ್ಲಿ ಮೈಸೂರು ಮೊದಲ ಬಾರಿಗೆ ಅಂತಿಮ ಪಂದ್ಯಕ್ಕೆ ಏರಿ ಮುಂಬಯಿಗೆ ಸೋತಿತು. 1959–60ರಲ್ಲಿ ಮತ್ತೊಮ್ಮೆ ಏರಿ, ಅದೇ ಮುಂಬಯಿಗೆ ಮತ್ತೆ ಇನಿಂಗ್ಸ್ ಅಂತರದಿಂದ ಮಣಿಯಿತು. 1958–59ರಿಂದ 1972–73ರವರೆಗೆ ಮುಂಬಯಿ ಸತತ 15 ವರ್ಷ ರಣಜಿ ಪ್ರಶಸ್ತಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದರಿಂದ, ಆ ಕಾಲದಲ್ಲಿ ರೇಡಿಯೋ ಮತ್ತು ಪತ್ರಿಕೆಗಳ ಮೂಲಕ ಮೈಸೂರು ತಂಡವನ್ನು ಹಿಂಬಾಲಿಸಿದ ಒಂದು ಇಡೀ ತಲೆಮಾರಿಗೆ ಪ್ರಶಸ್ತಿಯೆಂಬುದು ಬೇರೆಯವರ ಸ್ವತ್ತಾಗಿತ್ತು.

ಈ ಸರಪಳಿ ತುಂಡಾದದ್ದು ಬೆಂಗಳೂರಿನಲ್ಲಿ. ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂದ ಕೆಲವೇ ತಿಂಗಳಲ್ಲಿ, 1974ರಲ್ಲಿ ನಡೆದ ಸೆಮಿಫೈನಲ್ಲಿನಲ್ಲಿ ಜಿ.ಆರ್. ವಿಶ್ವನಾಥ್ 162 ಮತ್ತು ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ನಾಯಕ ಎರಪಳ್ಳಿ ಪ್ರಸನ್ನ ಮುಂಬಯಿಯ ಸುನಿಲ್ ಗವಾಸ್ಕರರನ್ನು ಬೌಲ್ಡ್ ಮಾಡಿದರು. ಮೊದಲ ಸರದಿಯ ಮುನ್ನಡೆಯ ಆಧಾರದಲ್ಲಿ ಕರ್ನಾಟಕ ಗೆದ್ದಿತು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ತಂಡ ಮೊದಲ ರಣಜಿ ಪ್ರಶಸ್ತಿಯನ್ನು ಪಡೆಯಿತು. ನಲವತ್ತು ವರ್ಷ ಕಾದು ಪಡೆದ ಈ ಗೆಲುವು ಮುಂದಿನ ಸೋಲುಗಳಿಗೆ ತಡೆಯಾಗಲಿಲ್ಲ. 1981–82ರ ಅಂತಿಮ ಪಂದ್ಯದಲ್ಲಿ ಕರ್ನಾಟಕ 705 ರನ್ ಗಳಿಸಿಯೂ, ದೆಹಲಿ 8 ವಿಕೆಟ್ಟಿಗೆ 707 ಗಳಿಸಿದ್ದರಿಂದ ಪ್ರಶಸ್ತಿ ಕೈತಪ್ಪಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಬಯಲಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ 338 ರನ್ನುಗಳ ಗುರಿ ಬೆನ್ನಟ್ಟಿದ ಕರ್ನಾಟಕ, ಮನೀಷ್ ಪಾಂಡೆಯವರ 144 ರನ್ನುಗಳ ಆಟದ ಹೊರತಾಗಿಯೂ 331ಕ್ಕೆ ನಿಂತು, ಮುಂಬಯಿಯೆದುರು ಕೇವಲ 6 ರನ್ನುಗಳಿಂದ ಸೋತಿತು. ದೇಶೀಯ ಕ್ರಿಕೆಟ್ಟಿಗೆ ಜನ ಬರುವುದಿಲ್ಲವೆಂಬ ಮಾತು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಮೈದಾನ ಕಿಕ್ಕಿರಿದು, ಸುತ್ತಲಿನ ಮರಗಳ ಮೇಲೂ ಜನ ಕುಳಿತು ಆ ಪಂದ್ಯವನ್ನು ನೋಡಿದರು.

ಆರ್‌ಸಿಬಿಯ ಅಭಿಮಾನಿಗಳು ಬರಿಗೈಯಲ್ಲಿ ಆರಂಭಿಸಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಂತಿಮ ಹಂತಕ್ಕೆ ಹೋಗಿ ಅಲ್ಪ ಅಂತರದಲ್ಲಿ ಸೋಲುವ ತಂಡವನ್ನು ಕೈಬಿಡದೆ ನಡೆಸಿಕೊಂಡು ಬಂದ ನೆನಪು ಈ ನಾಡಿನ ಕ್ರಿಕೆಟ್ ಪ್ರೇಮಿಗಳಲ್ಲಿ ಆಗಲೇ ಇತ್ತು.

ಕೊಂಡುಕೊಂಡ ತಂಡ, ಹಂಚಿಕೊಂಡ ನಿರಾಶೆ

ಐಪಿಎಲ್ ಹುಟ್ಟಿದ್ದು ಬೇರೆಯದೇ ನೆಲೆಯಲ್ಲಿ. ರಣಜಿ ತಂಡದಲ್ಲಿ ಆಡುವವನು ಆ ರಾಜ್ಯದವನಾಗಿರುವುದು ವಾಡಿಕೆ. ಐಪಿಎಲ್‌ನಲ್ಲಿ ಉದ್ಯಮಿಗಳು ನಗರದ ಹೆಸರಿನ ತಂಡವನ್ನು ಹರಾಜಿನಲ್ಲಿ ಕೊಂಡು, ಆಟಗಾರರನ್ನೂ ಹರಾಜಿನಲ್ಲೇ ಕೊಂಡು, 20 ಓವರುಗಳ ಪಂದ್ಯಗಳನ್ನು ಆಡಿಸುತ್ತಾರೆ. ಬೆಂಗಳೂರು ತಂಡವನ್ನು ವಿಜಯ್ ಮಲ್ಯ ಅವರ ಸಮೂಹ 111.6 ದಶಲಕ್ಷ ಡಾಲರಿಗೆ ಪಡೆದು, ತನ್ನ ಮದ್ಯದ ಬ್ರಾಂಡಿನ ಹೆಸರಿನಿಂದ ತಂಡದ ಹೆಸರನ್ನು ರೂಪಿಸಿತು. ಹಾಗೆ ಹುಟ್ಟಿದ ತಂಡಕ್ಕೂ ನಾಡಿಗೂ ಆರಂಭದಲ್ಲಿ ಇದ್ದ ಕೊಂಡಿಯೆಂದರೆ ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆಯವರಂಥ ಕೆಲವು ಹೆಸರುಗಳು ಮತ್ತು ಚಿನ್ನಸ್ವಾಮಿ ಕ್ರೀಡಾಂಗಣ ಮಾತ್ರ. 2008ರ ಏಪ್ರಿಲ್ 18ರಂದು ಲೀಗಿನ ಉದ್ಘಾಟನಾ ಪಂದ್ಯ ಅಲ್ಲಿಯೇ ನಡೆಯಿತು; ಕೋಲ್ಕತ್ತದ ಬ್ರೆಂಡನ್ ಮೆಕಲಂ ಒಬ್ಬರೇ 73 ಎಸೆತಗಳಲ್ಲಿ ಔಟಾಗದೆ 158 ರನ್ ಗಳಿಸಿದರೆ, ಇಡೀ ಬೆಂಗಳೂರು ತಂಡ 82ಕ್ಕೆ ಆಲೌಟಾಗಿ 140 ರನ್ನುಗಳಿಂದ ಸೋತಿತು. ದ್ರಾವಿಡ್ ನಾಯಕತ್ವದ ಆ ವರ್ಷ ಎಂಟು ತಂಡಗಳಲ್ಲಿ ಏಳನೆಯ ಸ್ಥಾನ ದೊರೆಯಿತು.

ಮರುವರ್ಷದ ಕಥೆ ಅಭಿಮಾನಕ್ಕೆ ಮೊದಲ ಅಡಿಪಾಯ ಹಾಕಿತು. ದೇಶದಲ್ಲಿ ಲೋಕಸಭೆ ಚುನಾವಣೆ ಇದ್ದುದರಿಂದ 2009ರ ಟೂರ್ನಿ ದಕ್ಷಿಣ ಆಫ್ರಿಕಾಕ್ಕೆ ಸ್ಥಳಾಂತರಗೊಂಡಿತು. ಕೆವಿನ್ ಪೀಟರ್ಸನ್ ಬಳಿಕ ನಾಯಕತ್ವ ವಹಿಸಿಕೊಂಡ ಕುಂಬ್ಳೆ ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದರು. ಮೇ 24ರಂದು ಜೊಹಾನ್ಸ್‌ಬರ್ಗಿನಲ್ಲಿ ಎದುರಾದದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. ಹಿಂದಿನ ವರ್ಷದ ಪಟ್ಟಿಯ ಕೊನೆಯ ಎರಡು ತಂಡಗಳೇ ಈಗ ಪ್ರಶಸ್ತಿಗಾಗಿ ಎದುರುಬದುರಾಗಿದ್ದವು. ಕುಂಬ್ಳೆ ಮೊದಲ ಓವರಿನಲ್ಲೇ ಎದುರಾಳಿ ನಾಯಕ ಆಡಂ ಗಿಲ್‌ಕ್ರಿಸ್ಟರನ್ನು ಸೊನ್ನೆಗೆ ಕಳಿಸಿ, ಒಟ್ಟು 16 ರನ್ನಿಗೆ 4 ವಿಕೆಟ್ ಪಡೆದು, ಹೈದರಾಬಾದನ್ನು 143ಕ್ಕೆ ಕಟ್ಟಿಹಾಕಿದರು. ಗುರಿ ದೊಡ್ಡದಿರಲಿಲ್ಲ, ಆದರೂ ಕೊನೆಯ ಓವರಿನಲ್ಲಿ 15 ರನ್ ಬೇಕಾಗಿದ್ದಾಗ ಬಂದದ್ದು 8 ಮಾತ್ರ, ಮತ್ತು ತಂಡ 6 ರನ್ನುಗಳಿಂದ ಸೋತಿತು. ಸೋತ ತಂಡದ ನಾಯಕನಿಗೇ ಪಂದ್ಯಶ್ರೇಷ್ಠ ಪ್ರಶಸ್ತಿ ಸಂದ ಆ ರಾತ್ರಿ, ಆರ್‌ಸಿಬಿಯ ಮುಂದಿನ ಒಂದೂವರೆ ದಶಕಕ್ಕೆ ಒಂದು ಮಾದರಿಯನ್ನು ಕೊಟ್ಟಿತು: ಒಬ್ಬಿಬ್ಬರ ಅಸಾಧಾರಣ ಆಟ, ಗೆಲುವಿನ ಸಮೀಪದವರೆಗೆ ಪಯಣ, ಕೊನೆಯ ಕೆಲವು ಎಸೆತಗಳಲ್ಲಿ ಪತನ.

2010ರಲ್ಲಿ ಸೆಮಿಫೈನಲ್ ತಲುಪಿ ಮುಂಬಯಿಗೆ ಸೋತ ತಂಡ, 2011ರಲ್ಲಿ ಡೇನಿಯಲ್ ವೆಟೋರಿಯ ನಾಯಕತ್ವದಲ್ಲಿ ಅಂಕಪಟ್ಟಿಯ ತುದಿಗೇರಿತು. ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ಕ್ರಿಸ್ ಗೇಲ್, ಗಾಯಗೊಂಡ ಆಟಗಾರನೊಬ್ಬನ ಬದಲಿಗೆ ಟೂರ್ನಿಯ ನಡುವೆ ಬಂದು, ಆ ವರ್ಷದ ಅತಿ ಹೆಚ್ಚು ರನ್, ಅಂದರೆ 608, ಗಳಿಸಿದರು. ಆದರೆ ಮೇ 28ರಂದು ಚೆನ್ನೈ ತಂಡದ ಸ್ವಂತ ಮೈದಾನದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಗೇಲ್ ಸೊನ್ನೆಗೆ ಔಟಾದರು. ತಂಡ 58 ರನ್ನುಗಳಿಂದ ಸೋತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಲವು ದೇಶಗಳ ತಂಡಗಳು ಆಡಿದ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯವೂ ಮುಂಬಯಿಯ ಪಾಲಾಯಿತು.

ಪ್ಲೇಆಫ್ ಎಂಬ ವ್ಯವಸ್ಥೆ

ಈ ನಿರಾಶೆಗಳ ಸ್ವರೂಪವನ್ನು ಅರಿಯಲು ಪ್ಲೇಆಫ್ ವ್ಯವಸ್ಥೆಯನ್ನು ಅರಿಯಬೇಕು. ಲೀಗ್ ಹಂತದಲ್ಲಿ ಎಲ್ಲ ತಂಡಗಳೂ ಹತ್ತಾರು ಪಂದ್ಯಗಳನ್ನು ಆಡಿ ಅಂಕ ಗಳಿಸುತ್ತವೆ. ಮೊದಲ ನಾಲ್ಕು ಸ್ಥಾನ ಪಡೆದವು ಮಾತ್ರ ನಾಕೌಟ್ ಸ್ವರೂಪದ ಪ್ಲೇಆಫ್ ಹಂತಕ್ಕೆ ಹೋಗುತ್ತವೆ. 2011ರಿಂದ ಐಪಿಎಲ್ ಅಳವಡಿಸಿಕೊಂಡ ಪದ್ಧತಿಯಲ್ಲಿ ಮೊದಲ ಎರಡು ತಂಡಗಳು ಕ್ವಾಲಿಫೈಯರ್–1 ಆಡುತ್ತವೆ. ಗೆದ್ದ ತಂಡ ನೇರವಾಗಿ ಫೈನಲಿಗೆ ಹೋದರೆ ಸೋತ ತಂಡಕ್ಕೆ ಇನ್ನೊಂದು ಅವಕಾಶ ಉಳಿಯುತ್ತದೆ. ಮೂರು ಮತ್ತು ನಾಲ್ಕನೆಯ ತಂಡಗಳು ಆಡುವ ಎಲಿಮಿನೇಟರಿನಲ್ಲಿ ಸೋತ ತಂಡ ಅಂದೇ ಮನೆಗೆ ಹೊರಡಬೇಕು. ಈ ಪದ್ಧತಿಯ ಮೂಲ 1931ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಫುಟ್‌ಬಾಲ್ ಲೀಗ್ ಅಳವಡಿಸಿಕೊಂಡ ಏರ್ಪಾಡಿನಲ್ಲಿದೆ. ಎರಡು ತಿಂಗಳ ಪರಿಶ್ರಮವನ್ನು ಮೂರೂವರೆ ಗಂಟೆಯ ಆಟಕ್ಕೆ ಒಪ್ಪಿಸುವ ಈ ವ್ಯವಸ್ಥೆ, ಪ್ರತಿ ವರ್ಷವೂ ನೋಡುಗರಲ್ಲಿ ಆಸೆಯನ್ನು ತುಂಬಾ ಎತ್ತರಕ್ಕೆ ಒಯ್ದು ಒಂದೇ ಸಂಜೆಯಲ್ಲಿ ಇಳಿಸಬಲ್ಲದು.

ಆರ್‌ಸಿಬಿ 2009ರಿಂದ 2024ರವರೆಗೆ 2009, 2010, 2011, 2015, 2016, 2020, 2021, 2022 ಮತ್ತು 2024ರಲ್ಲಿ, ಅಂದರೆ ಒಂಬತ್ತು ಬಾರಿ, ಅಂತಿಮ ನಾಲ್ಕರ ಹಂತ ತಲುಪಿತು. ಅವುಗಳಲ್ಲಿ ಮೂರು ಬಾರಿ ಫೈನಲ್ ಆಡಿತು. 2012ರಲ್ಲಿ ಚೆನ್ನೈಯಷ್ಟೇ ಅಂಕಗಳಿದ್ದರೂ ನೆಟ್ ರನ್‌ರೇಟಿನಲ್ಲಿ ಹಿಂದೆಬಿದ್ದು ಐದನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ನೆಟ್ ರನ್‌ರೇಟ್ ಎಂದರೆ ತಂಡ ಪ್ರತಿ ಓವರಿಗೆ ಗಳಿಸಿದ ಸರಾಸರಿ ರನ್ನಿನಿಂದ ಬಿಟ್ಟುಕೊಟ್ಟ ಸರಾಸರಿ ರನ್ನನ್ನು ಕಳೆದರೆ ಉಳಿಯುವ ಸಂಖ್ಯೆ. ಹಳ್ಳಿಯ ಹೈಸ್ಕೂಲು ಹುಡುಗನೂ ದಶಮಾಂಶದ ಮೂರನೆಯ ಸ್ಥಾನದವರೆಗೆ ಈ ಲೆಕ್ಕ ಹಾಕಿ, ಯಾವ ತಂಡ ಯಾರಿಗೆ ಎಷ್ಟು ರನ್ನುಗಳಿಂದ ಸೋತರೆ ತನ್ನ ತಂಡ ಉಳಿಯುತ್ತದೆಂದು ಹೇಳಬಲ್ಲವನಾದದ್ದು ಈ ವರ್ಷಗಳ ಕೊಡುಗೆ.

ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ 2016ರದು. ವಿರಾಟ್ ಕೊಹ್ಲಿ ಆ ಆವೃತ್ತಿಯಲ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಗಳಿಸಿದರು. ಕ್ವಾಲಿಫೈಯರ್–1ರಲ್ಲಿ 29 ರನ್ನಿಗೆ 5 ವಿಕೆಟ್ ಬಿದ್ದಿದ್ದಾಗ ಎ.ಬಿ. ಡಿವಿಲಿಯರ್ಸ್ ಔಟಾಗದೆ 79 ರನ್ ಗಳಿಸಿ ತಂಡವನ್ನು ಫೈನಲಿಗೆ ಏರಿಸಿದರು. ಮೇ 29ರಂದು, ಈ ಬಾರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ, ಸನ್‌ರೈಸರ್ಸ್ ಹೈದರಾಬಾದ್ ಕೊಟ್ಟ 209 ರನ್ನುಗಳ ಗುರಿಗೆ ಗೇಲ್ ಮತ್ತು ಕೊಹ್ಲಿ 10.3 ಓವರುಗಳಲ್ಲಿ 114 ರನ್ ಸೇರಿಸಿದರು. ಆಗ ಉಳಿದದ್ದು 57 ಎಸೆತಗಳಲ್ಲಿ 95 ರನ್, ಕೈಯಲ್ಲಿದ್ದದ್ದು ಒಂಬತ್ತು ವಿಕೆಟ್. 38 ಎಸೆತಗಳಲ್ಲಿ 76 ಗಳಿಸಿದ್ದ ಗೇಲ್ ಬೆನ್ ಕಟಿಂಗ್ ಅವರ ಎಸೆತದಲ್ಲಿ ಕ್ಯಾಚಿತ್ತ ಮೇಲೆ ಕೊಹ್ಲಿ, ಡಿವಿಲಿಯರ್ಸ್, ಕೆ.ಎಲ್. ರಾಹುಲ್ ಬೆನ್ನುಬೆನ್ನಿಗೆ ಹಿಂತಿರುಗಿದರು. ಕೊನೆಯ ಓವರಿನಲ್ಲಿ 18 ಬೇಕಾಗಿದ್ದಾಗ ಭುವನೇಶ್ವರ್ ಕುಮಾರ್ ಬಿಟ್ಟುಕೊಟ್ಟದ್ದು 9. ಸೋಲಿನ ಅಂತರ 8 ರನ್. 2009ರಲ್ಲೂ 2016ರಲ್ಲೂ ಎದುರಾಳಿ ಹೈದರಾಬಾದೇ ಆಗಿದ್ದುದರಿಂದ, ಗಡಿಯಾಚೆಯ ನಂಟರೊಡನೆ ತೆಲುಗಿನಲ್ಲಿ ಮಾತಾಡುವ ಪಾವಗಡ, ಮಧುಗಿರಿ ಕಡೆಯ ಊರುಗಳಿಗೆ ಈ ಎರಡು ಸೋಲುಗಳು ನೆರೆಯವರೆದುರಿನ ಸೋಲುಗಳೂ ಆಗಿದ್ದವು.

ನಿಷ್ಠೆ ಉಳಿದದ್ದು ಏಕೆ

1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದ ನಂತರದ ಸೋಮವಾರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಗುರುತಿರುವ ಉಡುಪನ್ನು ಹೆಚ್ಚಾಗಿ ತೊಡುತ್ತಾರೆಂದೂ, ಗೆಲುವನ್ನು ಹೇಳುವಾಗ ‘ನಾವು’ ಎನ್ನುವವರು ಸೋಲನ್ನು ಹೇಳುವಾಗ ‘ಅವರು’ ಎನ್ನುವ ಕಡೆಗೆ ವಾಲುತ್ತಾರೆಂದೂ ಅದು ತೋರಿಸಿತು. ಬೇರೆಯವರ ಕೀರ್ತಿಯ ಬೆಳಕಿನಲ್ಲಿ ಮೈಕಾಯಿಸಿಕೊಳ್ಳುವ ಈ ಪ್ರವೃತ್ತಿ ಮನುಷ್ಯಸಹಜ. ಆದರೆ ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಲೋಕದಲ್ಲಿವೆ. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲಿ ಕೆನಡಾದ ಟೊರಾಂಟೊ ಮೇಪಲ್ ಲೀಫ್ಸ್ ತಂಡ 1967ರ ನಂತರ ಸ್ಟ್ಯಾನ್ಲಿ ಕಪ್ ಗೆದ್ದಿಲ್ಲ. 2013ರ ಪ್ಲೇಆಫಿನ ನಿರ್ಣಾಯಕ ಪಂದ್ಯದ ಕೊನೆಯ ಅವಧಿಯಲ್ಲಿ 4–1ರಿಂದ ಮುಂದಿದ್ದೂ ಬಾಸ್ಟನ್ನಿಗೆ ಸೋತಿತು. ಅದರ ಬೆಂಬಲಿಗರು ತಂಡವನ್ನು ಬಿಟ್ಟಿಲ್ಲ. ಬೇಸ್‌ಬಾಲಿನ ಶಿಕಾಗೊ ಕಬ್ಸ್ 1908ರಿಂದ 2016ರವರೆಗೆ 108 ವರ್ಷ ಕಾದಿತ್ತು. ಇವೆಲ್ಲವೂ ತಲೆಮಾರುಗಳ ಆಸ್ತಿಯಂತೆ ತಂದೆಯಿಂದ ಮಕ್ಕಳಿಗೆ ಬಂದ ನಿಷ್ಠೆಗಳು. ಆರ್‌ಸಿಬಿಯ ವಿಶೇಷವೆಂದರೆ, ತಾತನ ಕಾಲದ ನೆನಪು ಯಾವುದೂ ಇಲ್ಲದ ಹೊಸ ತಂಡವೊಂದು ಒಂದೇ ತಲೆಮಾರಿನೊಳಗೆ ಅಂಥ ನಿಷ್ಠೆಯನ್ನು ಗಳಿಸಿತು.

ಇದಕ್ಕೆ ಕಾರಣಗಳನ್ನು ನಾಡಿನ ಬದುಕಿನಲ್ಲಿಯೇ ಹುಡುಕಬೇಕು. ಮೊದಲನೆಯದು ಋತುಮಾನ. ಐಪಿಎಲ್ ನಡೆಯುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ. ಕಡಲೇಕಾಯಿಯ ಸುಗ್ಗಿ ಅದಕ್ಕೂ ಎಷ್ಟೋ ಮೊದಲೇ ಮುಗಿದು, ಮುಂಗಾರಿನ ಬಿತ್ತನೆ ಇನ್ನೂ ಆರಂಭವಾಗದೆ, ಕೊಳವೆಬಾವಿಯಿಲ್ಲದ ಹೊಲಗಳಲ್ಲಿ ಕೆಲಸವೇ ಇಲ್ಲದ ತಿಂಗಳುಗಳವು. ಶಾಲೆಗಳಿಗೆ ಬೇಸಿಗೆ ರಜೆ, ಊರಿನಲ್ಲಿ ಜಾತ್ರೆ ಮತ್ತು ಮದುವೆ, ಯುಗಾದಿಗೆಂದು ಬೆಂಗಳೂರಿನಿಂದ ಬಂದ ಅಣ್ಣತಮ್ಮಂದಿರು, ನೀರಿಲ್ಲದ ಕೆರೆಯಂಗಳದಲ್ಲಿ ಟೆನಿಸ್ ಚೆಂಡಿನ ಟೂರ್ನಿಗಳು. ಇವೆಲ್ಲ ಸೇರಿದ ಬಿಡುವಿನ ಕಾಲದಲ್ಲಿ ರಾತ್ರಿಯ ಪಂದ್ಯ ಊರಿನ ದಿನಚರಿಯ ಭಾಗವಾಯಿತು. ಮುಂಗಾರು ಕೈಕೊಟ್ಟ ಮಾರನೆಯ ವರ್ಷವೂ ಬೀಜ ಸಿದ್ಧಮಾಡುವ ಬಯಲುಸೀಮೆಯ ರೈತನ ಮನೆಯಲ್ಲಿ, ಹೋದ ವರ್ಷ ಸೋತ ತಂಡಕ್ಕೆ ಈ ವರ್ಷವೂ ಕಾಯುವುದು ವಿಚಿತ್ರವೆನಿಸುವ ಸಂಗತಿಯಾಗಿರಲಿಲ್ಲ.

ಎರಡನೆಯದು ಅಭಿಮಾನದ ಪರಂಪರೆ. ಕನ್ನಡದಲ್ಲಿ ಅಭಿಮಾನಿ ಸಂಘವೆಂಬ ಸಂಸ್ಥೆಯನ್ನು ಬೆಳೆಸಿದ್ದು ಸಿನಿಮಾ. ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದ ಡಾ. ರಾಜ್‌ಕುಮಾರ್ 1982ರಲ್ಲಿ ಗೋಕಾಕ್ ಚಳವಳಿಯ ಮುಂದಾಳತ್ವ ವಹಿಸಿದಾಗ, ತೆರೆಯ ಮೇಲಿನ ನಟನ ಮೇಲಿದ್ದ ಪ್ರೀತಿ ನುಡಿಯ ಮೇಲಿನ ಹಕ್ಕಿನ ಹೋರಾಟದೊಡನೆ ಬೆರೆಯಿತು. ಅಭಿಮಾನವೆಂದರೆ ಫಲ ಕೇಳದೆ ಜೊತೆಗಿರುವುದು ಎಂಬ ತಿಳಿವಳಿಕೆಯನ್ನು ಆರ್‌ಸಿಬಿಯ ಬೆಂಬಲಿಗರು ಆ ಪರಂಪರೆಯಿಂದ ಪಡೆದರು. ಹೋಳಿಗೆ ಹಂಚುವುದು, ಕಟೌಟಿಗೆ ಹಾಲೆರೆಯುವುದು, ದೇವಸ್ಥಾನದಲ್ಲಿ ತಂಡದ ಹೆಸರಿನಲ್ಲಿ ಅರ್ಚನೆ ಮಾಡಿಸುವುದು ಮುಂತಾದ ಆಚರಣೆಗಳು ಸಿನಿಮಾ ಮಂದಿರದಿಂದ ಕ್ರಿಕೆಟ್ಟಿಗೆ ಹೆಚ್ಚಿನ ಬದಲಾವಣೆಯಿಲ್ಲದೆ ಬಂದವು.

ಮೂರನೆಯದು ತಂತ್ರಜ್ಞಾನ ಮತ್ತು ನುಡಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. 2018ರಿಂದ ಐಪಿಎಲ್‌ನ ವೀಕ್ಷಕ ವಿವರಣೆ ಕನ್ನಡದಲ್ಲೂ ಪ್ರಸಾರವಾಗತೊಡಗಿತು. 2023ರಲ್ಲಿ ಮೊಬೈಲಿನಲ್ಲಿ ಪಂದ್ಯಗಳನ್ನು ಉಚಿತವಾಗಿ ನೋಡುವ ಅವಕಾಶ ದೊರೆಯಿತು. ಇಂಗ್ಲಿಷ್ ಅಥವಾ ಹಿಂದಿಯ ಮೂಲಕ ಮಾತ್ರ ಸಿಗುತ್ತಿದ್ದ ಆಟ ತಾಯ್ನುಡಿಯಲ್ಲಿ ಬಂದದ್ದರಿಂದ, ಅದುವರೆಗೆ ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡುತ್ತಿದ್ದ ಮನೆಯ ಹಿರಿಯರೂ ಹೆಂಗಸರೂ ಆಟದ ಸೂಕ್ಷ್ಮಗಳ ಚರ್ಚೆಯಲ್ಲಿ ಪಾಲುಗೊಂಡರು. ವಿಶೇಷವೆಂದರೆ ಈ ಹರಡುವಿಕೆಯ ಕಾಲ ತಂಡದ ಅತ್ಯಂತ ಕೆಟ್ಟ ಕಾಲವೂ ಆಗಿತ್ತು. 2013ರ ಏಪ್ರಿಲ್ 23ರಂದು ಗೇಲ್ ಅವರ 175ರ ಬಲದಿಂದ 263 ರನ್ ಗಳಿಸಿದ್ದ ತಂಡ, 2017ರ ಅದೇ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ 49ಕ್ಕೆ ಆಲೌಟಾಯಿತು. 2017 ಮತ್ತು 2019ರಲ್ಲಿ ಪಟ್ಟಿಯ ತಳದಲ್ಲಿ ಉಳಿಯಿತು.

‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ನಾಡಿನ ಉದ್ದಗಲಕ್ಕೂ ಹಬ್ಬಿದ್ದು ಈ ವರ್ಷಗಳಲ್ಲಿಯೇ. ಇತರ ತಂಡಗಳ ಬೆಂಬಲಿಗರು ಅದನ್ನು ಅಣಕಕ್ಕೆ ಬಳಸಿದರೂ, ಸೋಲಿನ ಮರುದಿನವೂ ಅದನ್ನೇ ಹೇಳಿದ ಅಭಿಮಾನಿಗಳು ಸಿಯಾಲ್ಡಿನಿಯ ವಿದ್ಯಾರ್ಥಿಗಳಿಗಿಂತ ಭಿನ್ನವಾದ ದಾರಿ ಹಿಡಿದಿದ್ದರು. ಸೋಲನ್ನು ‘ಅವರ’ ಲೆಕ್ಕಕ್ಕೆ ಬರೆಯದೆ ತಮ್ಮದೇ ಲೆಕ್ಕಕ್ಕೆ ಬರೆದುಕೊಂಡರು. ಮಾಲೀಕರು ಬದಲಾದರು, ನಾಯಕರು ಬದಲಾದರು, ಗೇಲ್ ಮತ್ತು ಡಿವಿಲಿಯರ್ಸ್ ಪ್ರಶಸ್ತಿಯಿಲ್ಲದೆ ತಂಡದಿಂದ ನಿರ್ಗಮಿಸಿದರು. ಬದಲಾಗದೆ ಉಳಿದದ್ದು ಮೊದಲ ವರ್ಷದಿಂದ ಇದೇ ತಂಡಕ್ಕೆ ಆಡುತ್ತ ಬಂದ ಕೊಹ್ಲಿ ಮತ್ತು ಕಾಯುತ್ತ ಬಂದ ಜನ. ತಂಡದ ನಿರಂತರತೆಯನ್ನು ಹೊತ್ತವರು ಅಭಿಮಾನಿಗಳೇ ಆದ್ದರಿಂದ, ತಂಡ ತಮ್ಮದೆಂಬ ಅವರ ಮಾತಿಗೆ ಚರಿತ್ರೆಯ ಆಧಾರ ಒದಗಿತು.

ಮಹಿಳೆಯರ ಪ್ರಶಸ್ತಿ ಮತ್ತು ಮೇ 18

2024 ಈ ಚರಿತ್ರೆಯ ತಿರುವು. ಹಿಂದಿನ ವರ್ಷ ಆರಂಭವಾದ ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ಮೊದಲ ಐದು ಪಂದ್ಯಗಳನ್ನೂ ಸೋತಿದ್ದ ಆರ್‌ಸಿಬಿ ಮಹಿಳಾ ತಂಡ, ಮಾರ್ಚ್ 17ರಂದು ದೆಹಲಿಯಲ್ಲಿ ನಡೆದ ಎರಡನೆಯ ಆವೃತ್ತಿಯ ಫೈನಲಿನಲ್ಲಿ ಆತಿಥೇಯ ತಂಡವನ್ನು 8 ವಿಕೆಟ್ಟುಗಳಿಂದ ಸೋಲಿಸಿತು. ನಾಯಕಿ ಸ್ಮೃತಿ ಮಂಧಾನ. ಕನ್ನಡತಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಪಡೆದರು. ಪುರುಷರು 16 ವರ್ಷಗಳಲ್ಲಿ ತಾರದ ಕಪ್ಪನ್ನು ಹೆಣ್ಣುಮಕ್ಕಳು ಎರಡನೆಯ ಪ್ರಯತ್ನದಲ್ಲೇ ತಂದರೆಂಬ ಸಂತೋಷ, ಮಹಿಳಾ ಕ್ರಿಕೆಟ್ಟನ್ನು ಅದುವರೆಗೆ ಗಮನಿಸದ ಮನೆಗಳಿಗೂ ಅದನ್ನು ಒಯ್ದಿತು. ಎರಡೇ ದಿನಗಳ ಬಳಿಕ, ರಾಜಧಾನಿಯ ಅಧಿಕೃತ ಹೆಸರು ಬದಲಾದ ಒಂಬತ್ತು ವರ್ಷಗಳ ನಂತರ, ತಂಡವೂ ತನ್ನ ಹೆಸರಿನಲ್ಲಿ ‘ಬ್ಯಾಂಗಲೋರ್’ ತೆಗೆದು ‘ಬೆಂಗಳೂರು’ ಎಂದು ಬರೆದುಕೊಂಡಿತು.

ಅದೇ ವರ್ಷ ಪುರುಷರ ತಂಡ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ನಂತರದ ಆರನ್ನು ಸತತವಾಗಿ ಗೆದ್ದಿತು. ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈ ವಿರುದ್ಧ 218 ರನ್ ಗಳಿಸಿದ ತಂಡಕ್ಕೆ ಗೆಲುವು ಮಾತ್ರ ಸಾಕಾಗಿರಲಿಲ್ಲ. ರನ್‌ರೇಟಿನ ಲೆಕ್ಕದಲ್ಲಿ ಮುಂದೆ ಹೋಗಲು ಎದುರಾಳಿಯನ್ನು 200ರೊಳಗೆ ತಡೆಯಬೇಕಿತ್ತು. ಕೊನೆಯ ಓವರಿನಲ್ಲಿ ಚೆನ್ನೈಗೆ ಪ್ಲೇಆಫ್ ಪ್ರವೇಶಕ್ಕೆ ಬೇಕಿದ್ದದ್ದು 17 ರನ್. ಯಶ್ ದಯಾಳ್ ಅವರ ಮೊದಲ ಎಸೆತವನ್ನು ಮಹೇಂದ್ರ ಸಿಂಗ್ ಧೋನಿ ಕ್ರೀಡಾಂಗಣದ ಚಾವಣಿಯಾಚೆಗೆ ಸಿಕ್ಸರ್ ಎತ್ತಿದರು. ಎರಡನೆಯ ಎಸೆತ ನಿಧಾನಗತಿಯದಾಗಿ ಧೋನಿ ಕ್ಯಾಚಿತ್ತರು. ಉಳಿದ ನಾಲ್ಕರಲ್ಲಿ ಬಂದದ್ದು ಒಂದೇ ರನ್. ನಾಲ್ಕು ದಿನಗಳ ಬಳಿಕ ಎಲಿಮಿನೇಟರಿನಲ್ಲಿ ರಾಜಸ್ಥಾನಕ್ಕೆ ಸೋತು ತಂಡ ಮತ್ತೆ ಹೊರಬಿದ್ದರೂ, ಪ್ರಶಸ್ತಿಯಿಲ್ಲದ ಆ ಮೇ 18ರ ರಾತ್ರಿಯನ್ನು ಅಭಿಮಾನಿಗಳು ಹಬ್ಬದಂತೆ ನೆನೆಯುತ್ತಾರೆ. ಸೋಲಿನ ವರ್ಷಗಳು ಕಲಿಸಿದ್ದೇ ಇದು: ಕಪ್ ಒಂದನ್ನೇ ಸಂತೋಷದ ಅಳತೆಗೋಲಾಗಿಸದೆ, ದಾರಿಯ ಒಂದೊಂದು ಪಂದ್ಯವನ್ನೂ ಅದರದೇ ಬೆಲೆಯಲ್ಲಿ ಸವಿಯುವುದು.

ಗೆಲುವು ಮತ್ತು ಅದರ ಮರುದಿನ

2025ರಲ್ಲಿ ರಜತ್ ಪಾಟೀದಾರ್ ನಾಯಕತ್ವದ ತಂಡ ಕ್ವಾಲಿಫೈಯರ್–1ರಲ್ಲಿ ಪಂಜಾಬ್ ಕಿಂಗ್ಸನ್ನು 101ಕ್ಕೆ ಉರುಳಿಸಿ ಫೈನಲ್ ತಲುಪಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಅದೇ ಪಂಜಾಬ್ ವಿರುದ್ಧ ಗಳಿಸಿದ 190 ರನ್ ಸುರಕ್ಷಿತವಾದ ಮೊತ್ತವಾಗಿರಲಿಲ್ಲ. ಕೃಣಾಲ್ ಪಾಂಡ್ಯ 17 ರನ್ನಿಗೆ 2 ವಿಕೆಟ್ ಪಡೆದು ಓಟವನ್ನು ತಡೆದರು. ಕೊನೆಯ ಓವರಿನಲ್ಲಿ 29 ಬೇಕಿದ್ದಾಗ ಜೋಶ್ ಹೇಜಲ್‌ವುಡ್ ಎಸೆತಗಳಲ್ಲಿ ಶಶಾಂಕ್ ಸಿಂಗ್ 22 ಬಾರಿಸಿದರೂ ಪಂಜಾಬ್ 184ಕ್ಕೆ ನಿಂತಿತು. ಅಂತರ ಮತ್ತೆ 6 ರನ್. 2009ರಲ್ಲಿ ಜೊಹಾನ್ಸ್‌ಬರ್ಗಿನಲ್ಲೂ 2010ರಲ್ಲಿ ಮೈಸೂರಿನಲ್ಲೂ ಕೈತಪ್ಪಿಸಿದ್ದ ಅದೇ ಅಂತರ ಈ ಬಾರಿ ಪ್ರಶಸ್ತಿಯನ್ನು ಕೊಟ್ಟಿತು. ಕೊನೆಯ ಎಸೆತಗಳು ಮುಗಿಯುವ ಮೊದಲೇ ಕೊಹ್ಲಿ ಮೈದಾನದಲ್ಲಿ ಕಣ್ಣೀರಿಟ್ಟರು. ರಾಜ್ಯದ ಊರೂರುಗಳಲ್ಲಿ ಜನ ನಡುರಾತ್ರಿ ಬೀದಿಗಿಳಿದು ಪಟಾಕಿ ಹಚ್ಚಿದರು.

ಮರುದಿನ, ಜೂನ್ 4ರಂದು, ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಸೇರಿದ ಜನಸಾಗರದಲ್ಲಿ ಕಾಲ್ತುಳಿತ ಉಂಟಾಗಿ 11 ಮಂದಿ ಪ್ರಾಣ ಕಳೆದುಕೊಂಡರು, ಹಲವರು ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಯುವಜನರು, ಅಂದರೆ ಈ ತಂಡದ ಸೋಲುಗಳನ್ನು ನೋಡುತ್ತಲೇ ಬೆಳೆದವರು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗವನ್ನು ನೇಮಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬಯಿಗೆ ಹೋದವು. ಆರ್‌ಸಿಬಿ ಅಭಿಮಾನದ ಚರಿತ್ರೆಯನ್ನು ಬರೆಯುವ ಯಾರೂ ಜೂನ್ 3ನ್ನು ಮಾತ್ರ ಬರೆದು ನಿಲ್ಲಿಸಲಾಗದು, ಏಕೆಂದರೆ ಹದಿನೇಳು ವರ್ಷ ಕಾದವರ ಸಂತೋಷ ಎಷ್ಟು ದೊಡ್ಡದಾಗಿರಬಹುದೆಂಬುದು ಆ ಜನಸಂದಣಿಯನ್ನು ಬಲ್ಲವರೆಲ್ಲರಿಗೂ ಮೊದಲೇ ಗೊತ್ತಿರಬೇಕಾದ ಸಂಗತಿಯಾಗಿತ್ತು.

ಈ ಇಡೀ ಚರಿತ್ರೆಯಿಂದ ಎರಡು ತೀರ್ಮಾನಗಳಿಗೆ ಬರಬಹುದು. ತಂಡವೊಂದು ಜನರದಾಗುವುದು ಅದನ್ನು ಕೊಂಡ ಹಣದಿಂದಲ್ಲ, ಅದರೊಡನೆ ಕಳೆದ ಕಾಲದಿಂದ; 1934ರ ಮೈಸೂರು ತಂಡದಿಂದ 2024ರ ಆರ್‌ಸಿಬಿಯವರೆಗೆ ಕನ್ನಡಿಗರು ಆ ಕಾಲವನ್ನು ಧಾರಾಳವಾಗಿ ಕೊಟ್ಟಿದ್ದಾರೆ, ಮತ್ತು ಅದರ ದೊಡ್ಡ ಪಾಲು ಪುರವರದಂಥ, ಕ್ರೀಡಾಂಗಣದಿಂದ ದೂರವಿರುವ ನೂರಾರು ಊರುಗಳಿಂದ ಬಂದಿದೆ. ಎರಡನೆಯದು, ಏನನ್ನೂ ಕೇಳದೆ ಕೊಟ್ಟ ನಿಷ್ಠೆಗೂ ಪ್ರತಿಯಾಗಿ ಸಲ್ಲಬೇಕಾದದ್ದು ಇದೆ: ಬಂದವರು ಸುರಕ್ಷಿತವಾಗಿ ಮನೆಗೆ ಮರಳುವ ವ್ಯವಸ್ಥೆ, ಜಿಲ್ಲೆ ತಾಲ್ಲೂಕುಗಳಲ್ಲಿ ಮಕ್ಕಳಿಗೆ ಆಡಲು ಒಳ್ಳೆಯ ಮೈದಾನ, ತಮ್ಮೂರಿನ ಹುಡುಗ ಹುಡುಗಿಯರು ಆ ಕೆಂಪು ಅಂಗಿ ತೊಡುವ ದಾರಿ. ಸೋಲಿನ ವರ್ಷಗಳಲ್ಲಿ ಅಭಿಮಾನಿಗಳು ತಮ್ಮ ಪಾಲಿನ ಕೆಲಸವನ್ನು ಪೂರ್ತಿ ಮಾಡಿದ್ದಾರೆ. ಗೆಲುವಿನ ವರ್ಷಗಳಲ್ಲಿ ಉಳಿದ ಪಾಲನ್ನು ಪೂರೈಸುವ ಹೊಣೆ ತಂಡದ್ದು, ಕ್ರಿಕೆಟ್ ಸಂಸ್ಥೆಯದು ಮತ್ತು ಸರ್ಕಾರದ್ದು.